ಮೇಲೆ ಹೋದವರು

ನೂಕುನುಗ್ಗಲು ನೋಡಲು ಆಕಾಶವೇಕೆ ಎಂದು ಗಾದೆ. ಗಾದೆ ತಲೆಕೆಳಗಾಯಿತು ಎನ್ನುವವರು ಒಂದು ಸಲ ಬಳೆಗೆ ಬಂದು ನೋಡಬೇಕು. ಅಲ್ಲಿ ಇಡೀ ಊರಿಗೆ ಇರುವುದು ಒಂದೇ ಕಿಟಕಿ, ಅದರ ಮುಂದೆ ಸದಾ ಒಂದು ಸಾಲು, ಸಾಲಿನ ಕೊನೆಯಲ್ಲಿ ನಿಂತವನಿಗೆ ಕಾಣುವ ಚಂದ್ರಬಿಂಬ ಮುಂದಿನವನ ಬೋಳುತಲೆ. ಊರೇ ತಲೆಕೆಳಗಾಗಿ ಸುತ್ತುವಲ್ಲಿ ಗಾದೆಯೊಂದು ನೆಟ್ಟಗೆ ನಿಂತೀತೆ? ಅದಿರಲಿ. ಈಗ ಹೇಳಹೊರಟಿರುವುದು ನಡೆದ ಕತೆ. ನಡೆದದ್ದು ಎಂದರೆ ಅಪ್ಪಟ ಕಾಲಿನಲ್ಲೇ ನಡೆದದ್ದು. ಏಕೆಂದರೆ ಆ ಹೊತ್ತಿಗೆ ಬಳೆ ಸುತ್ತತೊಡಗಿ, ಜನ ತೇಲುವುದು ನಿಂತು, ನೆಲ ಎಂಬ ಪದಾರ್ಥ ಕಾಲಿಗೆ ಸಿಕ್ಕಿತ್ತು. ತೇಲಿಸಿ ಹೇಳುವ ಕತೆ ಬೇಕಾದವರು ಬೇರೆ ಕಡೆ ವಿಚಾರಿಸಿಕೊಳ್ಳಬಹುದು.

ಬಳೆ ಎಂದರೆ ಭೂಮಿಯನ್ನು ಸುತ್ತುತ್ತ ತನ್ನನ್ನೂ ತಾನು ಸುತ್ತಿಕೊಳ್ಳುವ ಊರು. ದಾಖಲೆಗಳಲ್ಲಿ ಅದಕ್ಕೆ ಉಸಿರುಗಟ್ಟಿಸುವಷ್ಟು ಉದ್ದದ ಹೆಸರಿತ್ತು. ಕಟ್ಟಲು ಬಂದವರು ಆಕಾರ ನೋಡಿ ಬಳೆ ಎಂದರು, ಅದೇ ನಿಂತಿತು. ಅಲ್ಲಿದ್ದದ್ದು ಒಂದೇ ಬೀದಿ. ನಿಂತಲ್ಲಿಂದ ಎರಡೂ ಕಡೆ ಮೇಲಕ್ಕೆ ಬಾಗುತ್ತ ಹೋಗಿ, ನೆತ್ತಿಯ ಮೇಲೆ ಎಲ್ಲೋ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿತ್ತು. ಮನೆಯಲ್ಲಿ ಮುನಿಸಿಕೊಂಡು ಮುಂಬಾಗಿಲಿನಿಂದ ನೆಟ್ಟಗೆ ನಡೆದುಹೋದವನು ಸ್ವಲ್ಪ ಹೊತ್ತಿನಲ್ಲಿ ಹಿಂಬಾಗಿಲು ತಟ್ಟಬೇಕಾಗುತ್ತಿತ್ತು. ಬೀದಿಯ ಇಕ್ಕೆಲದಲ್ಲಿ ಮನೆಗಳು ಒಂದೊಂದಾಗಿ ಏಳುತ್ತಿದ್ದವು. ಕಟ್ಟುವವರು ಇದ್ದರು, ಬಾಳುವವರು ಇನ್ನೂ ಬರಬೇಕಿತ್ತು.

ಈ ಊರಿನ ಸುದ್ದಿಕೋಣೆಯಲ್ಲಿ ಕೂರುತ್ತಿದ್ದವನಿಗೆ ಗಿಳಿ ಎಂದು ಅಡ್ಡಹೆಸರು. ಕೆಳಗಿನಿಂದ, ಅಂದರೆ ಭೂಮಿಯಿಂದ, ಬಂದ ಮಾತನ್ನು ಬೀದಿಯುದ್ದದ ಮೈಕುಗಳಲ್ಲಿ ಓದುವುದು ಅವನ ಕೆಲಸ. ಸುಮ್ಮನೆ ಓದುವ ಪೈಕಿಯಲ್ಲ. ಹೆಂಡತಿಯ ಮಾತಾದರೆ ಹೆಂಡತಿಯ ಹಾಗೆ, ಮಾವನದಾದರೆ ಮಾವನ ಹಾಗೆ, ಮೂಗು ಸೋರುವ ಮಗುವಿನದಾದರೆ ಮೂಗನ್ನೂ ಸೇರಿಸಿ ಓದುತ್ತಿದ್ದ. ತಮ್ಮ ಮನೆಯ ಮಾತು ಬೀದಿಪಾಲಾಯಿತೆಂದು ಯಾರೂ ಬೇಸರಪಡಲಿಲ್ಲ. ಬೀದಿ ಬಿಟ್ಟರೆ ಬೇರೆ ಊರಾದರೂ ಎಲ್ಲಿತ್ತು? ಮೇಸ್ತ್ರಿಯಮ್ಮನ ಗದರಿಕೆಯಿಂದ ಹಿಡಿದು ಗಾಳಿಯಂತ್ರದ ಕೆಮ್ಮಿನವರೆಗೆ ಅವನ ಗಂಟಲಲ್ಲಿ ಎಲ್ಲಕ್ಕೂ ಜಾಗವಿತ್ತು. ಅವನದೇ ಧ್ವನಿ ಯಾವುದು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

ಬಳೆಯಲ್ಲಿ ಮರವೊಂದೂ ಇರಲಿಲ್ಲ. ಮರಗಟ್ಟಿದವರು ಮಾತ್ರ ಬೇಕಾದಷ್ಟು ಇದ್ದರು. ಸದಾ ಒಂದೇ ಬೆಳಕು, ಒಂದೇ ಸೆಕೆ, ಉಸಿರಿಗೆ ಅದೇ ಹಳೆಯ ಗಾಳಿ. ಒಂದೇ ಮಗ್ಗುಲಲ್ಲಿ ಮಲಗಿದ ಕೈಗೆ ಜೋಮು ಹಿಡಿದಂತೆ ಮನಸ್ಸಿಗೂ ಹಿಡಿಯುತ್ತದೆ, ಗಾಬರಿ ಬೇಡ ಎಂದು ವೈದ್ಯರು ಹೇಳಿದ್ದರು. ಗಿಳಿಗೆ ಗಾಬರಿಯಾಗಿರಲಿಲ್ಲ, ಗಾಬರಿಯೂ ಬರುತ್ತಿರಲಿಲ್ಲ. ಅಣ್ಣನಿಗೆ ಮಗು ಹುಟ್ಟಿದ ಸುದ್ದಿಯನ್ನು ಅವನು ಅಣ್ಣನ ಧ್ವನಿಯಲ್ಲೇ ಓದಿ, ಬೀದಿಯ ಚಪ್ಪಾಳೆ ಗಿಟ್ಟಿಸಿ, ಆಮೇಲೆ ಸಂತೋಷಕ್ಕಾಗಿ ಒಳಗೆ ತಡಕಾಡಿದ್ದ, ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವ ಹಾಗೆ. ಗೋಡೆ ಸಿಕ್ಕಿತು. ಸ್ವಿಚ್ಚು ಸಿಗಲಿಲ್ಲ.

ಗಿಳಿಗೆ ಗೆಳೆಯ ಅಂತ ಇದ್ದವನು ಸೋರಣ್ಣ. ಸೋರಣ್ಣನ ಕೆಲಸ ಸೋರಿಕೆ ಹುಡುಕುವುದು. ಮನೆ ಎಂದರೆ ಬೇರೆಯವರಿಗೆ ಸೂರು, ಇವನಿಗೆ ಸೋರು. ಹೊಸ ಗೋಡೆ ನಿಂತ ಕೂಡಲೇ ಕೆಳತುಟಿಯನ್ನು ಒದ್ದೆ ಮಾಡಿಕೊಂಡು, ಮುಖವನ್ನು ಬೆಸುಗೆಗೆ ಅಂಟಿಸಿದಂತೆ ಹಿಡಿದು, ಇಂಚಿಂಚಾಗಿ ಸರಿಯುತ್ತಿದ್ದ. ತುಟಿ ತಣ್ಣಗಾದಲ್ಲಿ ಗಾಳಿ ಓಡುತ್ತಿದೆ ಎಂದರ್ಥ. "ಗೋಡೆಗೆ ಮುತ್ತು ಕೊಟ್ಟೂ ಕೊಟ್ಟೂ ಈ ಮನುಷ್ಯನಿಗೆ ಮದುವೇನೇ ಆಗ್ಲಿಲ್ಲ" ಎಂದು ಅಡುಗೆಯವನು ಹಾಸ್ಯ ಮಾಡುತ್ತಿದ್ದ. ಅದು ಸುಳ್ಳೇನಲ್ಲ. ಸೋರಣ್ಣನಿಗೆ ಇದ್ದವರು ತಾಯಿ, ಅಕ್ಕ ಮತ್ತು ಭಾವ. ತಾಯಿ ಅಕ್ಕನ ಮನೆಯಲ್ಲಿದ್ದರು. ಹೊಲಿಗೆಯಂಗಡಿ ನಡೆಸಿ ಇಬ್ಬರು ಮಕ್ಕಳನ್ನು ಸಾಕಿದ ಹೆಂಗಸು. ಈಗ ಬಳೆಯಲ್ಲಿ ನೆಲೆಸಲು ಹಿರಿಯರನ್ನೂ ಕಳಿಸುತ್ತಾರೆ ಎಂದು ಕೇಳಿದ್ದೇ ತಡ ತಪಾಸಣೆಗೆ ನಿಂತು, ಗಟ್ಟಿಮುಟ್ಟು ಎನಿಸಿಕೊಂಡು, ಸರದಿಗಾಗಿ ಕಾಯುತ್ತಿದ್ದರು.

ಸೋರಣ್ಣನ ಲೆಕ್ಕ ಸರಳವಾಗಿತ್ತು. "ಅಮ್ಮ ಬಂದ್ರೆ ಇಲ್ಲೇ. ಬರ್ಲಿಲ್ಲ ಅಂದ್ರೆ, ಹಿರಿಯರನ್ನ ತರೋ ಅದೇ ದೋಣೀಲಿ ನಾನು ಇಳೀತೀನಿ." ದೋಣಿ ಎಂದರೆ ಬಂದುಹೋಗುವ ನೌಕೆ, ಅದನ್ನು ನಡೆಸುವವನು ಅಂಬಿಗ. ವಾಪಸು ಹೋಗುವ ದೋಣಿಯಲ್ಲಿ ತನಗೊಂದು ಜಾಗ ಇಟ್ಟಿರು ಎಂದು ಸೋರಣ್ಣ ಅಂಬಿಗನಿಗೆ ಹೇಳಿಯೂ ಇದ್ದ. ಹೋದರೆ ಈಗಲೇ ಹೋಗಬೇಕಿತ್ತು. ಬಳೆ ಸುತ್ತುವುದಕ್ಕೆ ಮುಂಚೆ ತೇಲಿಕೊಂಡೇ ವರ್ಷಗಟ್ಟಲೆ ಕಳೆದವರ ಮೂಳೆ ತೆಳುವಾಗಿತ್ತು, ಸುತ್ತಿನಿಂದ ಸಿಕ್ಕ ಹಗುರ ಭಾರದಲ್ಲೂ ಸವೆಯುತ್ತಲೇ ಇತ್ತು. ಇನ್ನೊಂದು ದೋಣಿಯವರೆಗೆ ಉಳಿದರೆ ಇಳಿಯುವ ಭಾರವನ್ನು ನಿನ್ನ ಬೆನ್ನು ತಾಳುವುದಿಲ್ಲ, ಆಮೇಲೆ ಇದೇ ನಿನ್ನ ನೆಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು.

ಹೀಗಿರುವಾಗ ಭಾವನಿಂದ ಒಂದು ಸಾಲು ಬಂತು. ದೊಡ್ಡ ಆಂಟೆನಾವನ್ನು ಜಾಗ ಬದಲಿಸುತ್ತಿದ್ದ ಕಾಲ ಅದು. ದನಿ ಬರುತ್ತಿರಲಿಲ್ಲ, ಬರೆದ ಮಾತು ಮಾತ್ರ, ಅದೂ ತುಂಡುತುಂಡಾಗಿ. ಗಿಳಿ ಭಾವನ ಒಣ ಗಂಟಲನ್ನು ತಂದುಕೊಂಡು, ಅವರ ಅಭ್ಯಾಸದಂತೆ ಮೊದಲು ಒಮ್ಮೆ ಕೆಮ್ಮಿ, ಓದಿದ:

"ಅತ್ತೆ ಬೆಳಿಗ್ಗೆ ಮೇಲೆ ಹೋದರು. ನಿದ್ದೆಯಲ್ಲೇ. ಏನೂ ಕಷ್ಟಪಡಲಿಲ್ಲ."

ಬೀದಿಯಲ್ಲಿ ಹೋ ಎಂದು ಸದ್ದೆದ್ದಿತು. ಗಿಳಿ ಮೈಕಿನಲ್ಲೇ ಸೀಟಿ ಹೊಡೆದ. ಹಿರಿಯರಿಗೆ ನಿದ್ದೆಯ ಔಷಧಿ ಕೊಟ್ಟೇ ದೋಣಿ ಹತ್ತಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೇಲೆ ಹೋಗುವುದು ಎಂಬ ಮಾತಿಗೆ ಬಳೆಯ ಜನರ ಬಾಯಲ್ಲಿ ಒಂದೇ ಅರ್ಥ ಉಳಿದಿತ್ತು. 'ನಾನು ಮೇಲೆ ಹೋದ ವರ್ಷ', 'ನನ್ನ ತಮ್ಮನೂ ಮೇಲೆ ಹೋಗ್ತಾನಂತೆ', 'ಮೇಲೆ ಹೋದ ಮೇಲೆ ಹಸಿವೇ ಇಲ್ಲ' ಎಂದು ದಿನಕ್ಕೆ ಹತ್ತು ಸಲ ಆಡಿ ಆಡಿ, ಆ ಮಾತಿನ ಹಳೆಯ ಅರ್ಥ ಎಲ್ಲೋ ಸೋರಿಹೋಗಿತ್ತು. ನೆನಪಿಸಲು ಅಲ್ಲಿ ಮುದುಕರಿರಲಿಲ್ಲ. ಅಲ್ಲಿ ಇನ್ನೂ ಯಾರೂ ಸತ್ತಿರಲಿಲ್ಲ.

ಸೋರಣ್ಣ ಓಡಿಬಂದು ಉತ್ತರ ಬರೆಸಿದ. "ತುಂಬಾ ಸಂತೋಷ ಆಯ್ತು ಭಾವ. ಇಷ್ಟು ಬೇಗ ಆಗುತ್ತೆ ಅಂದ್ಕೊಂಡಿರ್ಲಿಲ್ಲ. ನಾನಿಲ್ಲೇ ಉಳೀತೀನಿ."

ಕೆಳಗೆ ಹೋಗುವ ಮಾತೂ ತುಂಡುತುಂಡಾಗಿಯೇ ಹೋಗುತ್ತಿತ್ತು, ಅದರಲ್ಲಿ ಎಷ್ಟು ತಲುಪಿತೋ. ಮರುದಿನ ಭಾವನಿಂದ ಇನ್ನೊಂದು ತುಂಡು: "ನಿನ್ನ ಮನಸ್ಸು ನಮಗೆ ಅರ್ಥವಾಗುತ್ತೆ. ಇಲ್ಲಿನದೆಲ್ಲಾ ನಾವು ನೋಡಿಕೊಂಡೆವು. ನೀನು ಗಟ್ಟಿಯಾಗಿರು."

"ಗಟ್ಟಿಯಾಗೇ ಇರ್ಬೇಕು ಬಿಡು" ಎಂದಳು ಮೇಸ್ತ್ರಿಯಮ್ಮ. ಬೀದಿಯ ಕೆಲಸವನ್ನೆಲ್ಲ ಮಾಡಿಸುವವಳು ಅವಳು. "ಇನ್ಮೇಲೆ ಅಮ್ಮನ ಬೈಗುಳ ತಡ್ಕೊಳೋಕೆ."

ಸೋರಣ್ಣ ಅಂಬಿಗನಿಗೆ ಸುದ್ದಿ ಕಳಿಸಿ, ತನಗೆ ಜಾಗ ಬೇಡ, ಬೇರೆ ಯಾರಿಗಾದರೂ ಕೊಡು ಎಂದ. ಆಮೇಲೆ ಮನೆ ಸಜ್ಜು ಮಾಡತೊಡಗಿದ. ಮೇಲೆ ಬರುವವರು ಮೈ ಹೊಂದಿಸಿಕೊಳ್ಳಲು ದಾರಿಯಲ್ಲಿ ಕೆಲವು ದಿನ ತಂಗುವ ಕಡೆಯೊಂದಿತ್ತು. ಅದಕ್ಕೆ ನಡುಮನೆ ಎಂದು ಹೆಸರು. ಅಲ್ಲಿಂದ ಮಾತುಕತೆ ಇಲ್ಲ. ಆ ದಿನಗಳು ಸೋರಣ್ಣನಿಗೆ ಸಾಲದಾದವು. ಒಳಗಿನ ಗಾಳಿ ಹೊರಹೋಗದಂತೆ ಬಿಗಿಯುವ ಗಾಳಿಬಾಗಿಲಿನ ಹೊಸ್ತಿಲು ಎತ್ತರ, ಅಮ್ಮ ಎಡವುತ್ತಾಳೆ ಎಂದು ಅದನ್ನು ತೇಯಲು ಹೋದಾಗ ಮೇಸ್ತ್ರಿಯಮ್ಮ ಕೈಹಿಡಿದು ನಿಲ್ಲಿಸಿದಳು.

"ಏನ್ ಮಾಡ್ತಿದೀಯಾ? ಸೋರಿಕೆ ಹುಡುಕೋನೇ ಸೋರಿಕೆ ಮಾಡ್ತೀಯಾ?"

"ಅಮ್ಮಂಗೆ ಮಂಡಿ ನೋವು ಮೇಸ್ತ್ರಿಯಮ್ಮ."

"ಮಂಡಿ ನೋವಿಗೆ ಊರು ಮುಳುಗಿಸ್ಬೇಡ. ಇಳಿಜಾರು ಹಲಗೆ ಹಾಕ್ಸು."

ಇಳಿಜಾರು ಹಲಗೆ ಬಂತು. ಮೇಜಿನ ಮೂಲೆಗಳು ಗುಂಡಗಾದವು. ಹಾಸಿಗೆ ಎರಡು ಸಲ ತಗ್ಗಿ ಒಂದು ಸಲ ಏರಿತು. ಗೋಡೆಯುದ್ದಕ್ಕೂ ಹಿಡಿಕೆಗಳನ್ನು ಕೂರಿಸುವಾಗ ಅಮ್ಮನ ಎತ್ತರ ಎಷ್ಟೆಂದು ಸೋರಣ್ಣನಿಗೆ ನೆನಪಾಗಲಿಲ್ಲ. ತನ್ನ ಎದೆಯ ಮೇಲೆ ಕೈಯಿಟ್ಟು, ಇನ್ನೂ ಕೆಳಗಿಟ್ಟು, ಗಿಳಿಯ ಮುಖ ನೋಡಿದ. "ಇಲ್ಲಿಗೆ ಬರ್ತಿದ್ಲು ಅನ್ಸುತ್ತೆ. ಈಗ ಕುಗ್ಗಿರ್ತಾಳೋ ಏನೋ." ಕೊನೆಗೆ ಎರಡು ಸಾಲು ಹಿಡಿಕೆ ಹಾಕಿದ.

ಗಿಳಿ ಎಲ್ಲವನ್ನೂ ನೋಡುತ್ತಿದ್ದ. ಸೋರಣ್ಣನಿಗೆ ಏನೋ ಆಗುತ್ತಿತ್ತು. ಜೋಮು ಹಿಡಿದ ಕಾಲಿಗೆ ರಕ್ತ ಇಳಿಯುವಾಗ ಮುಳ್ಳು ಚುಚ್ಚಿದಂತಾಗುತ್ತದಲ್ಲ, ಹಾಗೆ ಅವನು ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಒದ್ದಾಡುತ್ತಿದ್ದ. ಊಟದಲ್ಲಿ ಉಪ್ಪು ಜಾಸ್ತಿ ಎಂದು ಒಂದು ದಿನ ಅಡುಗೆಯವನ ಜೊತೆ ಜಗಳವಾಡಿದ. ಬಳೆಯಲ್ಲಿ ಉಪ್ಪು ತಿಳಿದು ಎಷ್ಟು ಕಾಲವಾಗಿತ್ತೋ! ಅಡುಗೆಯವನು ಬೈಸಿಕೊಂಡು ಖುಷಿಯಿಂದ ಊರಿಗೆಲ್ಲ ಹೇಳಿಕೊಂಡು ಬಂದ.

ಇಂಥ ಜೀವಂತ ಮನುಷ್ಯ ಕೈಗೆ ಸಿಕ್ಕಾಗ ಊರು ಬಿಟ್ಟೀತೆ? ಊಟದ ಮನೆಯಲ್ಲಿ ಕೂತು ಒಂದು ಕಿತಾಪತಿ ಹೂಡಿದರು. ದೋಣಿ ಬಂದಾಗ ಗಿಳಿ ಮುಂಚೆ ಹೋಗಿ ತಾಯಿಯನ್ನು ಹಿಂದಿನ ಓಣಿಯಿಂದ ಕರೆತಂದು ಮನೆಯೊಳಗೆ ಕೂರಿಸಬೇಕು. ಆಮೇಲೆ ಮುಂಬಾಗಿಲಿಗೆ ಬಂದು, ನಿಮ್ಮಮ್ಮ ಬರಲಿಲ್ಲ ಎಂದು ಸೋರಣ್ಣನಿಗೆ ಹೇಳಬೇಕು. ಅವನು ಕುಸಿಯುವಷ್ಟರಲ್ಲಿ ಒಳಗಿನಿಂದ ತಾಯಿ ಕೂಗಬೇಕು, ದನಿ ಬರುತ್ತಿದ್ದ ಕಾಲದಲ್ಲಿ ಪ್ರತಿ ಸಲವೂ ಕೂಗುತ್ತಿದ್ದ ಹಾಗೆ: "ಏನೋ, ಕೇಳಿಸ್ತಿದ್ಯಾ? ನಿನಗೇ ಹೇಳಿದ್ದು, ಕೇಳಿಸ್ತಿದ್ಯಾ?" ಗಿಳಿ ಅದನ್ನು ಊಟದ ಮನೆಯಲ್ಲಿ ಮಾಡಿ ತೋರಿಸಿದ. ಆಕಾಶ ದೂರವೆಂದು ಗಂಟಲು ಹರಿಯುವಂತೆ ಕಿರುಚುವ ಆ ಮುದಿ ದನಿ ಯಥಾವತ್ತಾಗಿ ಬಂತು.

"ಅವನು ಅದು ನಿನ್ನ ಮಿಮಿಕ್ರಿ ಅಂದ್ಕೊಂಡು ನಿನ್ನನ್ನೇ ಹೊಡೀತಾನೆ ನೋಡು!" ಎಂದು ಮೇಸ್ತ್ರಿಯಮ್ಮ ಹೊಟ್ಟೆ ಹಿಡಿದುಕೊಂಡಳು.

ಆದರೆ ಬಳೆಯಲ್ಲಿ ಗಾಳಿ ಸೋರದಿದ್ದರೂ ಗುಟ್ಟು ಸೋರುತ್ತದೆ. ಸೋರಿದ್ದನ್ನು ಹುಡುಕುವುದೇ ಸೋರಣ್ಣನ ಹೊಟ್ಟೆಪಾಡು. ಅವನು ಸುದ್ದಿಕೋಣೆಗೆ ಬಂದು ಬಾಗಿಲು ಹಾಕಿಕೊಂಡ.

"ಅಡುಗೆಯವನು ಬಾಯಿಬಿಟ್ಟ. ನೀನು ಬೇಜಾರ್ ಮಾಡ್ಕೋಬೇಡ, ನಡೀಲಿ. ಪಾಪ, ಎಲ್ರೂ ಖುಷಿಯಾಗಿದ್ದಾರೆ. ನಾನೇನೂ ಗೊತ್ತಿಲ್ದೋನ ಹಾಗೆ ಇರ್ತೀನಿ. ನೀನು ಬರ್ಲಿಲ್ಲ ಅಂದ ತಕ್ಷಣ ಗೊಳೋ ಅಂತ ಅಳ್ತೀನಿ. ಅವ್ರಿಗೇ ಕರುಳು ಕಿತ್ತು ಬರ್ಬೇಕು, ಹಂಗೆ."

"ಅಳು."

"ಅದೇ ಸಮಸ್ಯೆ. ಬರಲ್ಲ. ಕಲಿಸು."

ಗಿಳಿ ಅವನನ್ನು ಕುರ್ಚಿಯಲ್ಲಿ ಕೂರಿಸಿದ. ಅಳುವುದು ಎಂದರೆ ಕಣ್ಣೀರಲ್ಲ, ಉಸಿರು ಎಂದ. ಮೊದಲು ಉಸಿರು ಒಳಗೆ ಮೂರು ತುಂಡಾಗಿ ಬರಬೇಕು. ಆಮೇಲೆ ಗಲ್ಲ ನಡುಗಬೇಕು. ಮುಖ ಕೆಳಗೆ ಹಾಕಿದರೆ ಅರ್ಧ ಕೆಲಸ ಭುಜವೇ ಮಾಡುತ್ತದೆ. ಮಾಡಿ ತೋರಿಸಿದ. ಗಂಡನನ್ನು ಕಳಿಸಿದ ಹೆಂಡತಿಯ ಅಳು, ಆಟಿಕೆ ಮುರಿದ ಮಗುವಿನ ಅಳು, ಅಳಬಾರದೆಂದುಕೊಂಡ ಗಂಡಸಿನ ಅಳು. ಸೋರಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ಅವನು ಮಾಡಿದರೆ ಬಿಕ್ಕಳಿಕೆಯ ಹಾಗೆ ಕೇಳಿಸುತ್ತಿತ್ತು. ನಾಲ್ಕನೆಯ ಸಲ ಗಿಳಿಯ ಮುಖ ನೋಡಿ ಕಿಸಕ್ಕೆಂದ.

"ನೀನು ಅಳೋದು ನೋಡಿದ್ರೆ ನಂಗೆ ನಗು ಬರುತ್ತೆ. ನಿಂಗೆ ಇದು ಎಲ್ಲಿಂದ ಬರುತ್ತೋ?"

"ಗಂಟಲಿಂದ" ಎಂದ ಗಿಳಿ. ಅದು ನಿಜವಾಗಿತ್ತು. ಗಂಟಲಿಗಿಂತ ಕೆಳಗಿನಿಂದ ಏನೂ ಬರುತ್ತಿರಲಿಲ್ಲ.

ದೋಣಿ ಬಂತು. ಗಿಳಿ ಮುಂಚೆಯೇ ಹೋಗಿ ಹಡಗುಕಟ್ಟೆಯ ಕಿರಿದಾದ ಓಣಿಯಲ್ಲಿ ನಿಂತ. ಬಾಗಿಲು ತೆರೆದು ಹಿರಿಯರು ಒಬ್ಬೊಬ್ಬರಾಗಿ ಇಳಿದರು. ಹೊಸದಾಗಿ ನಡೆಯಲು ಕಲಿತ ಮಕ್ಕಳಂತೆ ಗೋಡೆ ಹಿಡಿದುಕೊಂಡು, ನೆಲವನ್ನು ಕಾಲಿನಿಂದ ತಟ್ಟಿ ನೋಡಿಕೊಂಡು. ಒಬ್ಬ ತಾತ ಗಿಳಿಯ ಕೆನ್ನೆ ಸವರಿ, "ನೀನು ಯಾರ ಮಗ ಅಪ್ಪಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದರು. ಕೊನೆಯಲ್ಲಿ ಅಂಬಿಗ ಇಳಿದ.

"ಯಾರನ್ನ ಹುಡುಕ್ತಿದೀಯಾ?"

"ಸೋರಣ್ಣನ ತಾಯೀನ. ಕೊನೇಗೆ ಇಳಿಸೋಣ ಅಂತ ಒಳಗೆ ಕೂರ್ಸಿದೀಯಾ? ಹಿಂದಿನ ದಾರೀಲಿ ಕರ್ಕೊಂಡು ಹೋಗ್ಬೇಕು."

"ಅವ್ರು ಬಂದಿಲ್ವಲ್ಲಪ್ಪ."

"ಇವತ್ತಿನ ತಮಾಷೆ ನಮ್ದು ಅಂಬಿಗ, ನಿಂದಲ್ಲ."

ಅಂಬಿಗ ಕೈಗವಸು ಬಿಚ್ಚುತ್ತಿದ್ದವನು ನಿಲ್ಲಿಸಿದ. "ತೀರ್ಕೊಂಡ್ರಂತೆ. ದೋಣಿ ಹತ್ತೋಕೆ ಮುಂಚೆ, ಮನೇಲೇ, ನಿದ್ದೇಲಿ. ಈಗ ನಿನ್ನ ಕೆನ್ನೆ ಮುಟ್ಟಿ ಹೋದ್ರಲ್ಲ ತಾತ, ಅವ್ರ ಜಾಗಕ್ಕೆ ಬಂದಿರೋದು ಅವ್ರೇ. ಸುದ್ದಿ ಕಳಿಸಿದ್ರಲ್ಲ ನಿಮಗೆ? ಅವ್ರ ಅಳಿಯಾನೇ ಕಳಿಸಿದೀನಿ ಅಂದ್ರಂತೆ."

"ಏನಂತ?"

"ಏನಂತ ಕಳಿಸ್ತಾರೆ. ಮೇಲೆ ಹೋದ್ರು ಅಂತ."

"ಹಾಂ" ಎಂದ ಗಿಳಿ.

ಓಣಿಯ ಮೂಲೆಯಲ್ಲಿ ಒಂದು ಕೊಳವೆ ತೊಟ್ಟಿಕ್ಕುತ್ತಿತ್ತು. ಬಳೆ ಸುತ್ತುವ ಕಾರಣ ಹನಿ ನೆಟ್ಟಗೆ ಬೀಳದೆ ಸ್ವಲ್ಪ ಓರೆಯಾಗಿ ಬೀಳುತ್ತಿತ್ತು. ಗಿಳಿ ಅದನ್ನು ನೋಡುತ್ತ ನಿಂತ. ಆ ಸಾಲನ್ನು ಓದಿದವನು ತಾನು. ಕೆಮ್ಮನ್ನೂ ಸೇರಿಸಿ ಓದಿದವನು. ಓದಿ ಸೀಟಿ ಹೊಡೆದವನು. ಈಗ ಅಂಬಿಗ ಹೇಳಿದ್ದನ್ನು ಅಂಬಿಗನ ಧ್ವನಿಯಲ್ಲೇ ಮನಸ್ಸಿನೊಳಗೆ ಒಮ್ಮೆ ಹೇಳಿ ನೋಡಿದ. ಧ್ವನಿ ಸರಿಯಾಗಿ ಬಂತು. ಬೇರೇನೂ ಬರಲಿಲ್ಲ.

"ಇಳಿಯಲ್ಲ ಅಂದಿದ್ನಲ್ಲ ಅವನು, ಇನ್ನೊಂದ್ಸಲ ಕೇಳು" ಎಂದ ಅಂಬಿಗ. "ಜಾಗ ಇನ್ನೂ ಯಾರಿಗೂ ಕೊಟ್ಟಿಲ್ಲ. ಸಾಮಾನು ಇಳಿಸಿದ ತಕ್ಷಣ ಹೊರಡ್ತೀನಿ. ಆಮೇಲೆ ಬರೋ ದೋಣಿ ಅವನಿಗೆ ಆಗಿಬರಲ್ಲ, ಗೊತ್ತಲ್ಲ?"

ಗೊತ್ತಿತ್ತು. ಗಿಳಿ ಬೀದಿಗೆ ಇಳಿದ. ನಡೆದಷ್ಟೂ ಬೀದಿ ಮುಂದೆ ಮೇಲಕ್ಕೇಳುತ್ತಿತ್ತು, ಹತ್ತುವುದು ಮಾತ್ರ ಮುಗಿಯುತ್ತಿರಲಿಲ್ಲ. ಹೇಗೆ ಹೇಳುವುದು? ವೈದ್ಯರ ಮೆಲುದನಿಯಲ್ಲಿ ಹೇಳಿದರೆ ಗೌರವ ಇರುತ್ತದೆ. ಭಾವನ ಒಣ ಗಂಟಲಲ್ಲಿ ಹೇಳಿದರೆ ಮನೆಯವರೇ ಹೇಳಿದಂತಾಗುತ್ತದೆ. ಮೇಸ್ತ್ರಿಯಮ್ಮನ ಹಾಗೆ ಒಂದೇ ಏಟಿಗೆ ಗದರಿ ಹೇಳಿಬಿಡಬಹುದು. ಒಂದೊಂದಾಗಿ ಎಲ್ಲವನ್ನೂ ಬಾಯಿಗೆ ತಂದು ನೋಡಿ, ಬೇಡವೆಂದು ಬಿಟ್ಟ. ದಾರಿಯಲ್ಲಿ ಸಿಕ್ಕ ಬಡಗಿ ಕಣ್ಣು ಮಿಟುಕಿಸಿದ. ಅಡುಗೆಯವನು ಹೆಬ್ಬೆರಳು ಎತ್ತಿ, ಗುಂಪಿನ ಹಿಂದೆ ಸೇರಿಕೊಂಡ. ಗಿಳಿ ಅವರಿಗೂ ಏನೋ ಹೇಳಬೇಕೆಂದು ಬಾಯಿ ತೆರೆದ. ಅವರು "ಶ್ ಶ್, ಹೋಗು ಹೋಗು" ಎಂದು ಮುಂದೆ ತಳ್ಳಿದರು.

ಸೋರಣ್ಣನ ಮನೆಯ ಬಾಗಿಲು ಮುಚ್ಚಿತ್ತು. ಅದರ ಮುಂದೆ, ಇಳಿಜಾರು ಹಲಗೆಯ ಪಕ್ಕದಲ್ಲಿ, ಸೋರಣ್ಣ ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು ನಿಂತಿದ್ದ. ಬಿರಿದ ತುಟಿಗೆ ಎಂಥದೋ ಎಣ್ಣೆ ಸವರಿಕೊಂಡಿದ್ದ. ಸುತ್ತ ಜನ ಅರ್ಧಚಂದ್ರಾಕಾರವಾಗಿ ಗಂಭೀರ ಮುಖ ಹೊತ್ತು ನಿಂತಿದ್ದರು. ಅಷ್ಟು ಗಂಭೀರವಾಗಿ ನಿಂತರೆ ಎಂಥ ಮಗುವಿಗೂ ಅನುಮಾನ ಬರುತ್ತಿತ್ತು.

ಗಿಳಿ ಅವನೆದುರು ನಿಂತ. ಯಾರ ಧ್ವನಿಯನ್ನೂ ತಂದುಕೊಳ್ಳಲಿಲ್ಲ.

"ನಿಮ್ಮಮ್ಮ ಬರ್ಲಿಲ್ಲ."

"ಅಯ್ಯೋ!" ಎಂದಳು ಮೇಸ್ತ್ರಿಯಮ್ಮ, ಬೇಕಾದ್ದಕ್ಕಿಂತ ಜೋರಾಗಿ. ಅಡುಗೆಯವನು ಒಣಗಿದ ಕಣ್ಣನ್ನು ತೋಳಿಗೆ ಒರೆಸಿಕೊಂಡ.

ಸೋರಣ್ಣ ಮುಖ ಕೆಳಗೆ ಹಾಕಿದ. ಭುಜ ಅಲುಗತೊಡಗಿತು. ಗಿಳಿ ಹತ್ತಿರ ಹೋಗಿ ಆ ಭುಜದ ಮೇಲೆ ಕೈಯಿಟ್ಟ. ಕೈಗೆ ನಡುಕ ತಿಳಿಯಿತು, ಅಷ್ಟೆ. ಸೋರಣ್ಣ ಮುಖ ಎತ್ತಿದ. ಅವನು ನಗುತ್ತಿದ್ದ, ತಡೆಯಲಾರದೆ, ಕೆನ್ನೆ ಉಬ್ಬಿಸಿಕೊಂಡು.

"ಆಗ್ಲಿಲ್ಲಪ್ಪ! ಅಳು ಬರ್ಲಿಲ್ಲ! ಅಷ್ಟು ಕಲಿಸ್ಕೊಟ್ರೂ ನಿನ್ನ ಮಾನ ಕಳೆದೆ!"

ಕಟ್ಟೆಯೊಡೆದ ಹಾಗೆ ಗುಂಪು ನಕ್ಕಿತು. "ಇವನಿಗೆ ಮೊದಲೇ ಗೊತ್ತಿತ್ತಾ? ಯಾರಪ್ಪಾ ಬಾಯಿಬಿಟ್ಟೋರು?" ಎಂದು ಮೇಸ್ತ್ರಿಯಮ್ಮ ಅಡುಗೆಯವನ ಕಿವಿ ಹಿಡಿದಳು.

"ಸೋರಣ್ಣ, ಕೇಳು" ಎಂದ ಗಿಳಿ. "ತಮಾಷೆ ಅಲ್ಲ. ಅವ್ರು ಹೋಗ್ಬಿಟ್ರು. ಭಾವ ಅವತ್ತು ಬರೆದದ್ದು ಅದನ್ನೇ. ಮೇಲೆ ಹೋದ್ರು ಅಂದ್ರೆ ಮೇಲೆ ಹೋದ್ರು ಅಂತಲೇ. ಹಳೇ ಅರ್ಥದಲ್ಲಿ."

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಒಬ್ಬೊಬ್ಬರಿಗೇ ಹೊಳೆಯಿತು. ಮೇಲೆ ಹೋದರು! ಎಷ್ಟು ಕಾಲದಿಂದ ದಿನಾ ಆಡುವ ಮಾತು, ಯಾರ ತಲೆಗೂ ಬಂದಿರಲಿಲ್ಲವಲ್ಲ! ಬಡಗಿ ನೆಲಕ್ಕೆ ಕೂತುಬಿಟ್ಟ. ಮೇಸ್ತ್ರಿಯಮ್ಮ ಅಡುಗೆಯವನ ಕಿವಿ ಬಿಟ್ಟು ಅವನ ಬೆನ್ನಿಗೇ ಗುದ್ದಿ ಗುದ್ದಿ ನಕ್ಕಳು. "ಅಯ್ಯೋ ನಿನ್ನ! ಇದನ್ನ ಎಷ್ಟು ದಿನದಿಂದ ಹೊಟ್ಟೇಲಿ ಇಟ್ಕೊಂಡಿದ್ದೆ?"

"ಅಂಬಿಗ ಕಾಯ್ತಿದಾನೆ" ಎಂದ ಗಿಳಿ. "ನಿನ್ನ ಜಾಗ ಇನ್ನೂ ಇದೆ. ಈಗ್ಲೇ ಹೋದ್ರೆ..."

"ಅಂಬಿಗನ್ನೂ ಸೇರಿಸ್ಕೊಂಡಿದಾನೆ ನೋಡ್ರಪ್ಪಾ!" ಸೋರಣ್ಣ ಗಿಳಿಯ ಎರಡೂ ಕೆನ್ನೆ ಹಿಡಿದು ಅಲುಗಿಸಿದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಎಷ್ಟೋ ಕಾಲದ ಮೇಲೆ. "ಅದ್ಸರಿ, ಇದು ಯಾರ ಧ್ವನಿ? ಇಷ್ಟು ದಿನ ಇದನ್ನ ಮಾಡೇ ಇರ್ಲಿಲ್ವಲ್ಲ ನೀನು. ಯಾರಿದು? ನಂಗೆ ಗುರುತೇ ಸಿಗ್ತಿಲ್ಲ."

ಗಿಳಿ ಹಡಗುಕಟ್ಟೆಯ ಕಡೆ ಕೈ ತೋರಿಸಿದ. ಸೋರಣ್ಣ ಅವನನ್ನು ಬಿಟ್ಟು, ಮುಚ್ಚಿದ ಬಾಗಿಲ ಕಡೆ ತಿರುಗಿ, ಅಂಗೈಯಿಂದ ಎರಡು ಸಲ ತಟ್ಟಿದ. "ಅಮ್ಮಾ, ಕೇಳಿಸ್ತಾ ಇವನು ಹೇಳಿದ್ದು? ನೀನು ಮೇಲೆ ಹೋದ್ಯಂತೆ!" ಎಂದು ಕೂಗಿ, ಒಳಗಿನ ಉತ್ತರಕ್ಕೆ ಕಿವಿಗೊಟ್ಟು ನಿಂತು, ತಡೆಯಲಾರದೆ ಮತ್ತೆ ನಕ್ಕ. ಇಡೀ ಬೀದಿ ನಗುತ್ತಿತ್ತು, ಬಾಗಿ ಮೇಲೇರಿದ ಆಚೆ ಬದಿಯ ಮನೆಗಳಲ್ಲಿದ್ದವರೂ ಬಗ್ಗಿ ನೋಡಿ ನಗುತ್ತಿದ್ದರು, ಆ ಎಲ್ಲ ನಗುವಿನ ನಡುವೆಯೂ ಬಾಗಿಲಿಗೆ ಹಣೆಯಿಟ್ಟುಕೊಂಡ ಸೋರಣ್ಣನ ನಗುವೇ ಎಲ್ಲಕ್ಕಿಂತ ಜೋರಾಗಿ ಕೇಳಿಸುತ್ತಿತ್ತು.